150 ಮೆಗಾಹರ್ಟ್ಜ್‌ಗೆ ಕ್ಯಾಲಿಬ್ರೇಟರ್ ಹುಡುಕುವುದು ಹೇಗೆ? ಪಟ್ಟಿಯಲ್ಲಿ ಚೆನ್ನಾಗಿದ್ದ ಮೂಲ ಕೈಕೊಟ್ಟಿದೆ

ಮೀಟರ್‌ಅಲೆ

ಎರಡು ವಾರದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ. ಗೊತ್ತಿದ್ದವರು ದಾರಿ ತೋರಿಸಿ.

ಕೈಯಲ್ಲಿರುವುದು ರೇಡಿಯೋ ಟೆಲಿಸ್ಕೋಪ್‌ನ 150 ಮೆಗಾಹರ್ಟ್ಜ್ ಡೇಟಾ. 45 ಮೀಟರ್ ಡಿಶ್‌ಗಳ ಅರೇ, 8 ಮೆಗಾಹರ್ಟ್ಜ್ ಬ್ಯಾಂಡ್, ಆರು ಗಂಟೆಯ ವೀಕ್ಷಣೆ. ಶುರುವಿಗೆ ಮತ್ತು ಕೊನೆಗೆ, ಹೊಳಪು (ಫ್ಲಕ್ಸ್) ಮೊದಲೇ ಗೊತ್ತಿರುವ 3ಸಿ 286 ಅನ್ನುವ ರೇಡಿಯೋ ಮೂಲ. ನಡುವೆ ಅರ್ಧ ಗಂಟೆಗೊಮ್ಮೆ ನಾನೇ ಆರಿಸಿದ ಒಂದು ಫೇಸ್ ಕ್ಯಾಲಿಬ್ರೇಟರ್, ಅಂದರೆ ಅಲೆಯ ಹಂತದ (ಫೇಸ್) ತಪ್ಪು ತಿದ್ದಲು ನೋಡುವ ಮೂಲ. ಅದನ್ನು ಅಮೆರಿಕದ ವಿಎಲ್‌ಎ ಟೆಲಿಸ್ಕೋಪ್‌ನ ಕ್ಯಾಲಿಬ್ರೇಟರ್ ಪಟ್ಟಿಯಿಂದ ತೆಗೆದುಕೊಂಡೆ. 20 ಸೆಂಟಿಮೀಟರ್ ಸಾಲಿನಲ್ಲಿ ಆಂಟೆನಾಗಳ ನಾಲ್ಕೂ ಜೋಡಣೆಗೆ (ಕಾನ್ಫಿಗರೇಶನ್) ‘ಪಿ’ ಅಂತ ಒಳ್ಳೆಯ ಗುರುತು ಇತ್ತು. 1.4 ಗಿಗಾಹರ್ಟ್ಜ್‌ನಲ್ಲಿ 2 ಜಾನ್ಸ್ಕಿ (ರೇಡಿಯೋ ಹೊಳಪಿನ ಅಳತೆ). ಟಾರ್ಗೆಟ್‌ನಿಂದ ಬರೀ 4 ಡಿಗ್ರಿ ದೂರ. ಸ್ಪೆಕ್ಟ್ರಲ್ ಇಂಡೆಕ್ಸ್ (ಆವರ್ತನದ ಜೊತೆ ಹೊಳಪು ಬದಲಾಗುವ ದರ) -0.7 ಹಿಡಿದರೆ 150ರಲ್ಲಿ 9-10 ಜಾನ್ಸ್ಕಿ ಇರಬೇಕು ಅಂತ ಲೆಕ್ಕ ಹಾಕಿದ್ದೆ.

ಈಗ ನೋಡಿದರೆ ಆ ಮೂಲದ ಆಂಪ್ಲಿಟ್ಯೂಡ್ ಒಂದೊಂದು ಬೇಸ್‌ಲೈನ್‌ನಲ್ಲಿ (ಎರಡು ಆಂಟೆನಾಗಳ ಜೋಡಿ) ಒಂದೊಂದು ಥರ ಕುಣಿಯುತ್ತಿದೆ. ಚಿಕ್ಕ ಬೇಸ್‌ಲೈನ್‌ಗಳಲ್ಲಂತೂ ಜಾಸ್ತಿ. ಫೇಸ್ ಒಂದು ಸ್ಕ್ಯಾನ್‌ನಿಂದ ಇನ್ನೊಂದಕ್ಕೆ ಎಲ್ಲೆಲ್ಲೋ ಹಾರುತ್ತದೆ. 3ಸಿ 286ಕ್ಕೆ ಹೋಲಿಸಿ ತೆಗೆದ (ಬೂಟ್‌ಸ್ಟ್ರ್ಯಾಪ್) ಫ್ಲಕ್ಸ್ 1.8 ಜಾನ್ಸ್ಕಿ ಅಂತ ಬಂತು. ಈ ಪರಿಹಾರವನ್ನು ಟಾರ್ಗೆಟ್‌ಗೆ ಹಚ್ಚಿದರೆ ಚಿತ್ರ ಇನ್ನೂ ಕೆಡುತ್ತದೆ. 3ಸಿ 286 ಮಾತ್ರ ನೀಟಾಗಿದೆ.

ಈ ಡೇಟಾವನ್ನು ಉಳಿಸಿಕೊಳ್ಳಬಹುದಾ? ಮುಂದಿನ ಸಲ ಇಷ್ಟು ಕಡಿಮೆ ಆವರ್ತನಕ್ಕೆ ಕ್ಯಾಲಿಬ್ರೇಟರ್ ಎಲ್ಲಿ ಹುಡುಕಬೇಕು?

ರಾತ್ರಿಪಾಳಿ

ಸ್ಕ್ಯಾನ್ ಎಷ್ಟು ನಿಮಿಷದ್ದು? 5 ನಿಮಿಷ ಇದ್ದರೆ 10 ಮಾಡಿ. ಸಿಗ್ನಲ್ ಸಾಲುತ್ತಿಲ್ಲ ಅನಿಸುತ್ತದೆ.

ಫ್ಲಕ್ಸ್ ತಕ್ಕಡಿ

ಇಲ್ಲ, ಸಿಗ್ನಲ್ ಕಡಿಮೆ ಆಗಿ ಹೀಗಾಗಿಲ್ಲ. ಲೆಕ್ಕ ಹಾಕೋಣ. ಇಂಥ ಡಿಶ್‌ಗೆ 150ರಲ್ಲಿ ಸಿಸ್ಟಮ್ ತಾಪ (ಆಕಾಶ, ರಿಸೀವರ್ ಸೇರಿದ ನಾಯ್ಸ್) ಸುಮಾರು 600 ಕೆಲ್ವಿನ್. ಗೇನ್ ಜಾನ್ಸ್ಕಿಗೆ 0.33 ಕೆಲ್ವಿನ್. ಅಂದರೆ 1800 ಜಾನ್ಸ್ಕಿ ಚಿಲ್ಲರೆ. 8 ಮೆಗಾಹರ್ಟ್ಜ್, 16 ಸೆಕೆಂಡ್ ಹಿಡಿದರೆ ಒಂದು ಬೇಸ್‌ಲೈನ್‌ನ ನಾಯ್ಸ್ ಹತ್ತಿರ ಹತ್ತಿರ 0.1 ಜಾನ್ಸ್ಕಿ. 1.8 ಜಾನ್ಸ್ಕಿ ಮೂಲ ಇದಕ್ಕಿಂತ ಎಷ್ಟೋ ಮೇಲೆ ಕಾಣಬೇಕು. ನಾಯ್ಸ್ ನಿಮ್ಮ ಶತ್ರು ಅಲ್ಲ.

ಶತ್ರು ಪಕ್ಕದ ಮನೆಯವರು. ಆ ಡಿಶ್‌ನ ಬೀಮ್ (ಒಮ್ಮೆಗೆ ಕಾಣುವ ಆಕಾಶದ ತುಂಡು) 150ರಲ್ಲಿ 3 ಡಿಗ್ರಿ ಅಗಲ. 1.4 ಗಿಗಾಹರ್ಟ್ಜ್‌ನಲ್ಲಿ ಅರ್ಧ ಡಿಗ್ರಿಯೂ ಇರುವುದಿಲ್ಲ. ಅಲ್ಲಿ ನಿಮ್ಮ ಮೂಲ ಒಂಟಿಯಾಗಿ ಹೊಳೆಯುತ್ತದೆ. ಇಲ್ಲಿ ಅದರ ಜೊತೆ ನೂರಾರು ಮೂಲಗಳು ಒಟ್ಟಿಗೆ ಕೂಗುತ್ತವೆ. ನೀವು ‘ನಡುವೆ ಒಂದೇ ಒಂದು ಚುಕ್ಕಿ ಇದೆ’ ಅಂತ ಸಾಫ್ಟ್‌ವೇರ್‌ಗೆ ಹೇಳುತ್ತಿದ್ದೀರಿ. ಅದು ಉಳಿದವರ ಫ್ಲಕ್ಸನ್ನೆಲ್ಲ ಆಂಟೆನಾ ಗೇನ್‌ಗೆ ತುರುಕುತ್ತದೆ.

ಟಿಜಿಎಸ್‌ಎಸ್ ಅನ್ನುವ 150 ಮೆಗಾಹರ್ಟ್ಜ್ ಸರ್ವೆಯ ಕ್ಯಾಟಲಾಗ್ ತೆಗೆಯಿರಿ. ನಿಮ್ಮ ಕ್ಯಾಲಿಬ್ರೇಟರ್ ಸುತ್ತ 1.5 ಡಿಗ್ರಿ ತ್ರಿಜ್ಯದ ವೃತ್ತ ಹಾಕಿ. ಎಲ್ಲರ ಫ್ಲಕ್ಸ್ ಕೂಡಿಸಿ ಇಲ್ಲಿ ಬರೆಯಿರಿ.

ಚುಕ್ಕಿಲೆಕ್ಕ

ತಕ್ಕಡಿಯವರು ಹೇಳಿದ್ದು ಅರ್ಧ ಕಥೆ. ಇನ್ನರ್ಧ -0.7 ಅನ್ನೋ ನಂಬಿಕೆ.

ವಿಎಲ್‌ಎ ಪಟ್ಟಿಯ ‘ಪಿ’ ಅಂದರೆ ಮೂಲವನ್ನು ಚುಕ್ಕಿ ಅಂದುಕೊಂಡಾಗ ಉಳಿಯುವ ಆಂಪ್ಲಿಟ್ಯೂಡ್ ತಪ್ಪು (ಕ್ಲೋಶರ್) ಶೇ. 3ಕ್ಕಿಂತ ಕಡಿಮೆ ಅಂತ, ಅದೂ ಆ ಬ್ಯಾಂಡ್‌ನಲ್ಲಿ ಮಾತ್ರ. ಅಂಥ ಗುರುತು ಪಡೆಯುವ ಮೂಲಗಳು ತುಂಬಾ ಚಿಕ್ಕವು, ಒತ್ತೊತ್ತಾಗಿರುವವು. ಚಿಕ್ಕದಾಗಿರುವುದರಿಂದಲೇ ಅವು ಕಡಿಮೆ ಆವರ್ತನದಲ್ಲಿ ತಮ್ಮ ಬೆಳಕನ್ನು ತಾವೇ ನುಂಗಿಕೊಳ್ಳುತ್ತವೆ. ಸಿಂಕ್ರೋಟ್ರಾನ್ ಸ್ವಯಂ ಹೀರಿಕೆ ಅನ್ನುವುದು ಇದೇ. ಹಾಗಾಗಿ ಸ್ಪೆಕ್ಟ್ರಮ್ ಚಪ್ಪಟೆ ಆಗುತ್ತದೆ, ಇಲ್ಲವೇ ಕೆಳಗೆ ಬಾಗುತ್ತದೆ. ಸೆಂಟಿಮೀಟರ್ ಅಲೆಗೆ ಒಳ್ಳೆಯದನ್ನಾಗಿ ಮಾಡಿದ ಗುಣವೇ ಮೀಟರ್ ಅಲೆಯಲ್ಲಿ ಅದನ್ನು ಮಂಕು ಮಾಡುತ್ತದೆ.

ನಿಮ್ಮ 3ಸಿ 286 ಅನ್ನೇ ನೋಡಿ. 1.4 ಗಿಗಾಹರ್ಟ್ಜ್‌ನಲ್ಲಿ 15 ಜಾನ್ಸ್ಕಿ. -0.7 ಹಿಡಿದರೆ 150ರಲ್ಲಿ 70 ದಾಟಬೇಕು. ನಿಜವಾಗಿ ಇರುವುದು 27 ಚಿಲ್ಲರೆ. 3ಸಿ 147ರ ಕಥೆಯೂ ಅದೇ. 1.4ರಲ್ಲಿ 22, ಲೆಕ್ಕದ ಪ್ರಕಾರ 100ರ ಮೇಲೆ, ನಿಜದಲ್ಲಿ 67. ಅದು 150ರ ಹತ್ತಿರ ತುದಿ ಮುಟ್ಟಿ ಅಲ್ಲಿಂದ ಇಳಿಯುತ್ತದೆ. ಮೇಲಿನ ಆವರ್ತನದಿಂದ ಗೆರೆ ಎಳೆದು ಕೆಳಗಿನದನ್ನು ಊಹಿಸಲೇಬಾರದು.

ಮೀಟರ್‌ಅಲೆ

ಕೂಡಿಸಿದೆ. ನನ್ನ ಕ್ಯಾಲಿಬ್ರೇಟರ್ ಟಿಜಿಎಸ್‌ಎಸ್‌ನಲ್ಲಿ 1.9 ಜಾನ್ಸ್ಕಿ. ಸುತ್ತಲಿನ ಮೂಲಗಳದ್ದು ಒಟ್ಟು 21. ಅದರಲ್ಲಿ ಒಂದೇ ಮೂಲ 6 ಜಾನ್ಸ್ಕಿ ಇದೆ, ನಡುವಿನಿಂದ 50 ಆರ್ಕ್‌ಮಿನಿಟ್ ದೂರದಲ್ಲಿ. ಇದನ್ನು ವೀಕ್ಷಣೆಗೆ ಮುಂಚೆ ನೋಡಬೇಕಿತ್ತು. ಐದು ನಿಮಿಷದ ಕೆಲಸ.

ಹಳೇ ಡಿಶ್

ಆಯ್ತಲ್ಲ, ಕಾರಣ ಸಿಕ್ಕಿತು. ಈಗ ನನ್ನ ಮಾತು ಕೇಳಿ. 150ರಲ್ಲಿ ಫೇಸ್ ಕ್ಯಾಲಿಬ್ರೇಟರ್ ಬೇಕಾಗಿಯೇ ಇಲ್ಲ. ಆ ಸ್ಕ್ಯಾನ್‌ಗಳನ್ನು ಪಕ್ಕಕ್ಕಿಡಿ. 3ಸಿ 286ರಿಂದ ಫ್ಲಕ್ಸ್, ಬ್ಯಾಂಡ್‌ಪಾಸ್ (ಆವರ್ತನವಾರು ಸ್ಪಂದನೆ), ಉಪಕರಣದ ಫೇಸ್ ತೆಗೆದುಕೊಳ್ಳಿ. ಅದನ್ನು ಟಾರ್ಗೆಟ್‌ಗೆ ಹಚ್ಚಿ. ಆಮೇಲೆ ಟಾರ್ಗೆಟ್ ಬೀಮ್‌ನಲ್ಲಿರುವ ಮೂಲಗಳದ್ದೇ ಒಂದು ಮಾಡೆಲ್ ಮಾಡಿ, ಅದರ ಮೇಲೆ ಫೇಸ್ ಸೆಲ್ಫ್‌ಕ್ಯಾಲ್ (ಟಾರ್ಗೆಟ್ ಡೇಟಾದಿಂದಲೇ ಫೇಸ್ ತಿದ್ದುವುದು) ಶುರು ಮಾಡಿ. ನಿಮ್ಮ ಟಾರ್ಗೆಟ್ ಬಯಲೇ ನಿಮ್ಮ ಕ್ಯಾಲಿಬ್ರೇಟರ್. ಸ್ಪ್ಯಾಮ್ ಅನ್ನುವ ಡೇಟಾ ಸಂಸ್ಕರಣೆಯ ಪೈಪ್‌ಲೈನ್ ಹೋಗುವುದು ಇದೇ ದಾರಿಯಲ್ಲಿ. ಟಿಜಿಎಸ್‌ಎಸ್‌ನ 150 ಮೆಗಾಹರ್ಟ್ಜ್ ಚಿತ್ರಗಳು ಬಂದಿದ್ದೂ ಹೀಗೆಯೇ. ಆ ಸರ್ವೆ ಪುಣೆ ಹತ್ತಿರದ ಜಿಎಂಆರ್‌ಟಿ ಟೆಲಿಸ್ಕೋಪ್‌ನಿಂದ, 25 ಆರ್ಕ್‌ಸೆಕೆಂಡ್ ಸ್ಪಷ್ಟತೆ, ಆಕಾಶದ ಶೇ. 90 ಭಾಗ.

ರಾತ್ರಿಪಾಳಿ

‘ಬೇಕಾಗಿಯೇ ಇಲ್ಲ’ ಅನ್ನುವುದು ತುಂಬಾ ದೊಡ್ಡ ಮಾತು. ಆರು ಗಂಟೆ ಉದ್ದಕ್ಕೂ ಗೇನ್ ಅಲುಗಾಡದೆ ನಿಂತಿತ್ತು ಅಂತ ಯಾರು ಹೇಳಬೇಕು? ಮಧ್ಯೆ ಒಂದು ಆಂಟೆನಾ ಕೈಕೊಟ್ಟರೆ, ಕ್ಯಾಲಿಬ್ರೇಟರ್ ಸ್ಕ್ಯಾನ್ ನೋಡಿದ ತಕ್ಷಣ ಗೊತ್ತಾಗುತ್ತದೆ. ಟಾರ್ಗೆಟ್‌ನಲ್ಲಿ ಅದು ಅಷ್ಟು ಬೇಗ ಕಾಣುವುದಿಲ್ಲ. ನನಗೆ ಒಮ್ಮೆ ಹಾಗೆ ಆಗಿದೆ. ಎರಡು ಆಂಟೆನಾ ಮಧ್ಯರಾತ್ರಿ ಫೇಸ್ ಜಿಗಿದಿದ್ದವು. ಸ್ಕ್ಯಾನ್ ಇದ್ದದ್ದಕ್ಕೆ ಬಚಾವಾದೆ.

ಹಳೇ ಡಿಶ್

ಅದಕ್ಕೆ 3ಸಿ ಮೂಲವನ್ನೇ ಎರಡು ಗಂಟೆಗೊಮ್ಮೆ ನೋಡಿ ಬನ್ನಿ. ದೂರ ಇದ್ದರೂ ಪರವಾಗಿಲ್ಲ. ಆಂಟೆನಾ ಆರೋಗ್ಯ ನೋಡುವುದಕ್ಕೆ ಹತ್ತಿರದ ಮೂಲ ಬೇಕಿಲ್ಲ. ಅಯಾನುಗೋಳದ ಫೇಸ್‌ಗೆ 4 ಡಿಗ್ರಿ ದೂರದ ಮೂಲ ಹೇಗೂ ಉಪಯೋಗಕ್ಕೆ ಬರುವುದಿಲ್ಲ.

ಅಯಾನುಗೋಳ

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಡೀ ಚರ್ಚೆಯ ಬೇರು ಇಲ್ಲಿದೆ.

ಅಯಾನುಗೋಳದ ಎಲೆಕ್ಟ್ರಾನ್‌ಗಳು ಫೇಸನ್ನು ತಿರುಗಿಸುತ್ತವೆ. ಆವರ್ತನ ಕಡಿಮೆ ಆದಷ್ಟೂ ತಿರುಗು ಜಾಸ್ತಿ. ಒಂದು ಟೆಕ್ ಯೂನಿಟ್ (ದಾರಿಯಲ್ಲಿರುವ ಎಲೆಕ್ಟ್ರಾನ್‌ಗಳ ಅಳತೆ) ವ್ಯತ್ಯಾಸ ಇದ್ದರೆ 150 ಮೆಗಾಹರ್ಟ್ಜ್‌ನಲ್ಲಿ ಸುಮಾರು 56 ರೇಡಿಯನ್. ಅದರ ನೂರರ ಒಂದು ಪಾಲು ಅಂದರೂ 32 ಡಿಗ್ರಿ ಫೇಸ್. 1.4 ಗಿಗಾಹರ್ಟ್ಜ್‌ನಲ್ಲಿ ಅದೇ ಪಾಲು 3-4 ಡಿಗ್ರಿ ಮಾತ್ರ. ಸೆಂಟಿಮೀಟರ್ ಅಲೆಯವರು ‘ಹತ್ತಿರದ ಕ್ಯಾಲಿಬ್ರೇಟರ್ ನೋಡಿ ಬಂದರೆ ಸಾಕು’ ಅನ್ನುವುದು ಇದಕ್ಕೇ. ಅಲ್ಲಿ ಆ ಮಾತು ಸರಿ.

ಮೀಟರ್ ಅಲೆಯಲ್ಲಿ ಎರಡು ತೊಂದರೆ. ಮೊದಲನೆಯದು ಕಾಲ. ಅರ್ಧ ಗಂಟೆಯೊಳಗೆ ಫೇಸ್ ಹಲವು ಸುತ್ತು ತಿರುಗಿ ಬಂದಿರಬಹುದು. ಎರಡು ಸ್ಕ್ಯಾನ್ ನಡುವೆ ಗೆರೆ ಎಳೆದು ಊಹಿಸುವುದಕ್ಕೆ ಅರ್ಥವೇ ಇಲ್ಲ. ಎರಡನೆಯದು ದಿಕ್ಕು. ಕ್ಯಾಲಿಬ್ರೇಟರ್ ಕಡೆ ನೋಡುವಾಗ ಆಂಟೆನಾ ಅಯಾನುಗೋಳದ ಒಂದು ತುಂಡಿನ ಮೂಲಕ ನೋಡುತ್ತದೆ. ಟಾರ್ಗೆಟ್ ಕಡೆ ತಿರುಗಿದಾಗ ಬೇರೆ ತುಂಡು. 300 ಕಿಲೋಮೀಟರ್ ಎತ್ತರದಲ್ಲಿ 4 ಡಿಗ್ರಿ ಅಂದರೆ 20 ಕಿಲೋಮೀಟರ್ ಪಕ್ಕಕ್ಕೆ. ಉದ್ದ ಬೇಸ್‌ಲೈನ್ ಇದ್ದರೆ ಒಂದೇ ಬೀಮ್‌ನ ಈ ಅಂಚು ಆ ಅಂಚಿಗೇ ಬೇರೆ ಬೇರೆ ಫೇಸ್ ಬೇಕಾಗುತ್ತದೆ. ದಿಕ್ಕಿಗೊಂದು ಕ್ಯಾಲಿಬ್ರೇಶನ್ ಅನ್ನುವುದು ಹುಟ್ಟಿದ್ದೇ ಇದಕ್ಕೆ.

ಹಾಗಾಗಿ ಈ ವಿಷಯದಲ್ಲಿ ನಾನು ಹಳೇ ಡಿಶ್ ಅವರ ಕಡೆ. ಇನ್ನೊಂದು ಮಾತು: ವೀಕ್ಷಣೆಯ ಹೊತ್ತು ಯಾವುದು? ಸೂರ್ಯ ಹುಟ್ಟುವಾಗ, ಮುಳುಗುವಾಗ ಅಯಾನುಗೋಳ ತುಂಬಾ ಕದಡಿರುತ್ತದೆ. ಕಾಂತೀಯ ಸಮಭಾಜಕದ ಹತ್ತಿರದಲ್ಲಿ ಸೂರ್ಯಾಸ್ತದ ನಂತರದ ಕೆಲವು ಗಂಟೆ ಇನ್ನೂ ಕಷ್ಟ. ವಿಷುವತ್ತಿನ ತಿಂಗಳುಗಳಲ್ಲಿ ಜಾಸ್ತಿ.

ಮೀಟರ್‌ಅಲೆ

ಸಂಜೆ 7ರಿಂದ ರಾತ್ರಿ 1. ಮಾರ್ಚ್ ತಿಂಗಳು.

ಅಯಾನುಗೋಳ

ಹಾಗಾದರೆ ಮೊದಲ ಎರಡು ಮೂರು ಗಂಟೆಯನ್ನು ಬೇರೆಯಾಗಿ ಚಿತ್ರ ಮಾಡಿ ನೋಡಿ. ಫೇಸ್ ಪರಿಹಾರ 8-16 ಸೆಕೆಂಡಿಗೊಂದು ತೆಗೆಯಿರಿ. ಉಳಿದದ್ದು ಚೆನ್ನಾಗಿದ್ದರೆ ಮೊದಲ ಭಾಗ ಬಿಟ್ಟುಬಿಡಿ. ಬೇಜಾರು ಬೇಡ.

ಹೊಸಬಳು

ನಡುವೆ ಬಾಯಿ ಹಾಕುತ್ತಿದ್ದೇನೆ. ಈ 3ಸಿ ಅನ್ನುವುದು ಏನು? ಎಲ್ಲರೂ 3ಸಿ 147, 3ಸಿ 286 ಅನ್ನುತ್ತೀರಿ.

ಚುಕ್ಕಿಲೆಕ್ಕ

ಮೂರನೇ ಕೇಂಬ್ರಿಡ್ಜ್ ಕ್ಯಾಟಲಾಗ್. 1959ರಲ್ಲಿ 159 ಮೆಗಾಹರ್ಟ್ಜ್‌ನಲ್ಲಿ ಮಾಡಿದ್ದು. 1962ರಲ್ಲಿ 178 ಮೆಗಾಹರ್ಟ್ಜ್ ಇಟ್ಟುಕೊಂಡು ತಿದ್ದಿದರು. ಅದರಲ್ಲಿ 328 ಮೂಲಗಳು, 9 ಜಾನ್ಸ್ಕಿಗಿಂತ ಮೇಲಿನವು. ಅಂದರೆ ಈ ಕ್ಯಾಟಲಾಗ್ ಹುಟ್ಟಿದ್ದೇ ಕಡಿಮೆ ಆವರ್ತನದಲ್ಲಿ. ಮೊದಲ ಕ್ವೇಸಾರ್‌ಗಳು ಸಿಕ್ಕಿದ್ದೂ ಇದರಿಂದಲೇ. 3ಸಿ 273ರ ಕೆಂಪು ಪಲ್ಲಟ 0.158 ಅಂತ ಮಾರ್ಟೆನ್ ಶ್ಮಿಟ್ 1963ರಲ್ಲಿ ಕಂಡುಹಿಡಿದರು. ನನಗೆ ಈ ಪಟ್ಟಿ ಅಂದರೆ ಬಹಳ ಪ್ರೀತಿ. ಅರವತ್ತು ವರ್ಷ ದಾಟಿದರೂ ಇವತ್ತಿಗೂ ಮೊದಲು ನೋಡುವುದು ಅದನ್ನೇ.

ಹೊಸಬಳು

ಥ್ಯಾಂಕ್ಸ್. ಹಾಗಾದರೆ 328ರಲ್ಲಿ ಯಾವುದನ್ನು ಬೇಕಾದರೂ ಕ್ಯಾಲಿಬ್ರೇಟರ್ ಮಾಡಬಹುದಾ?

ಫ್ಲಕ್ಸ್ ತಕ್ಕಡಿ

ಇಲ್ಲ. ಬಹಳಷ್ಟು ಮೂಲಗಳು ಆರ್ಕ್‌ಮಿನಿಟ್ ಗಾತ್ರದ ಜೋಡಿ ಲೋಬ್‌ಗಳು. ಅವು ಬಿಡಿಬಿಡಿಯಾಗಿ ಕಾಣುತ್ತವೆ. ಫ್ಲಕ್ಸ್‌ಗೆ ನಂಬಬಹುದಾದವು ಬೆರಳೆಣಿಕೆ. ಸ್ಕೇಫ್ ಮತ್ತು ಹೀಲ್ಡ್ 2012ರಲ್ಲಿ 30ರಿಂದ 300 ಮೆಗಾಹರ್ಟ್ಜ್‌ಗೆ ಆರು ಮೂಲಗಳನ್ನು ಕೊಟ್ಟರು: 3ಸಿ 48, 147, 196, 286, 295, 380. 150 ಮೆಗಾಹರ್ಟ್ಜ್‌ನಲ್ಲಿ ಇವು ಸುಮಾರು 65, 67, 83, 27, 98 ಮತ್ತು 77 ಜಾನ್ಸ್ಕಿ. ಇದನ್ನು ನಾನು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿಕೊಂಡಿದ್ದೇನೆ.

ಮೀಟರ್‌ಅಲೆ, ನೀವು ಯಾವ ಫ್ಲಕ್ಸ್ ಸ್ಕೇಲ್ (ಪ್ರಮಾಣ ಹೊಳಪಿನ ಪಟ್ಟಿ) ಹಾಕಿದ್ದೀರಿ?

ಮೀಟರ್‌ಅಲೆ

ಪರ್ಲಿ-ಬಟ್ಲರ್ 2013. ಟ್ಯುಟೋರಿಯಲ್‌ನಲ್ಲಿ ಇದ್ದದ್ದು.

ಫ್ಲಕ್ಸ್ ತಕ್ಕಡಿ

ಅದು 1 ಗಿಗಾಹರ್ಟ್ಜ್‌ನಿಂದ ಮೇಲಕ್ಕೆ. ಬದಲಾಯಿಸಿ. ಸ್ಕೇಫ್-ಹೀಲ್ಡ್ 2012 ಹಾಕಿ, ಅಥವಾ ಪರ್ಲಿ-ಬಟ್ಲರ್ 2017 ಹಾಕಿ. ಎರಡನೆಯದನ್ನು 50 ಮೆಗಾಹರ್ಟ್ಜ್‌ವರೆಗೆ ಇಳಿಸಿದ್ದಾರೆ. ಯಾವುದನ್ನು ಹಾಕಿದಿರಿ ಅಂತ ಮರೆಯದೆ ಬರೆದಿಡಿ. ಬೇರೆ ಸರ್ವೆ ಜೊತೆ ಹೋಲಿಸುವಾಗ ಅದಿಲ್ಲದೆ ಏನೂ ಮಾಡಲಾಗುವುದಿಲ್ಲ.

ಬೇಸ್‌ಲೈನ್ ಉದ್ದ

ಆ ಆರು ಮೂಲಗಳ ಬಗ್ಗೆ ಒಂದು ಎಚ್ಚರಿಕೆ. 3ಸಿ 196 ಮತ್ತು 3ಸಿ 295 ಕೆಲವು ಆರ್ಕ್‌ಸೆಕೆಂಡ್ ಅಗಲ ಇವೆ. 20-30 ಕಿಲೋಮೀಟರ್ ಬೇಸ್‌ಲೈನ್‌ಗೆ ಚುಕ್ಕಿ ಅನ್ನಬಹುದು. ಯುರೋಪಿನ ಲೋಫಾರ್ ಟೆಲಿಸ್ಕೋಪ್‌ನ ದೇಶದೇಶದ ಸ್ಟೇಷನ್ ಸೇರಿಸಿದರೆ ಸಾವಿರ ಕಿಲೋಮೀಟರ್ ದಾಟುತ್ತದೆ. ಆಗ ಅವು ಒಡೆದು ಕಾಣುತ್ತವೆ, ಚುಕ್ಕಿ ಮಾಡೆಲ್ ಸಾಲುವುದಿಲ್ಲ. ಉದ್ದ ಬೇಸ್‌ಲೈನ್‌ಗೆ ಬೇರೆಯೇ ಹುಡುಕಾಟ ಬೇಕು. ಲೋಫಾರ್‌ನವರು ಅದಕ್ಕಾಗಿಯೇ ಎಲ್‌ಬಿಸಿಎಸ್ ಅಂತ ಒಂದು ಸರ್ವೆ ಮಾಡಿದ್ದಾರೆ. ಒಂದೊಂದು ಮೂಲವನ್ನೂ ಸ್ವಲ್ಪ ಹೊತ್ತು ನೋಡಿ, ಯಾವ ಸ್ಟೇಷನ್‌ವರೆಗೆ ಸಿಗ್ನಲ್ ಸಿಗುತ್ತದೆ ಅಂತ ಗುರುತು ಹಾಕಿದ್ದಾರೆ. ಸರಾಸರಿ ಒಂದು ಚದರ ಡಿಗ್ರಿಗೆ ಒಂದು ಒಳ್ಳೆಯ ಮೂಲ ಸಿಗುತ್ತದೆ.

ಚುಕ್ಕಿಲೆಕ್ಕ

ಚಿಕ್ಕ ಮೂಲ ಯಾವುದು ಅಂತ ತಿಳಿಯಲು ಇನ್ನೊಂದು ಸೊಗಸಾದ ದಾರಿ ಇದೆ. ಸೂರ್ಯನಿಂದ ಹೊರಡುವ ಗಾಳಿಯಲ್ಲಿ ಚಿಕ್ಕ ಮೂಲಗಳು ಮಿನುಗುತ್ತವೆ, ದೊಡ್ಡವು ಮಿನುಗುವುದಿಲ್ಲ. ನಕ್ಷತ್ರ ಮಿನುಗಿ ಗ್ರಹ ಮಿನುಗದೆ ಇರುತ್ತದಲ್ಲ, ಹಾಗೆ. ಮಿನುಗಿದರೆ ಅದರಲ್ಲಿ ಆರ್ಕ್‌ಸೆಕೆಂಡ್‌ಗಿಂತ ಚಿಕ್ಕ ಭಾಗ ಇದೆ ಅಂತ ಅರ್ಥ. ಊಟಿಯ ಟೆಲಿಸ್ಕೋಪ್‌ನಲ್ಲಿ 326.5 ಮೆಗಾಹರ್ಟ್ಜ್‌ನಲ್ಲಿ ಬಹಳ ವರ್ಷ ಈ ಕೆಲಸ ನಡೆದಿದೆ. 1967ರಲ್ಲಿ ಜೋಸೆಲಿನ್ ಬೆಲ್ ಪಲ್ಸಾರ್ ಕಂಡಿದ್ದೂ ಈ ಮಿನುಗು ನೋಡಲು ಕಟ್ಟಿದ 81.5 ಮೆಗಾಹರ್ಟ್ಜ್ ಅರೇಯಲ್ಲೇ.

ಎರಡು ಡೈಪೋಲ್

ನನ್ನ ಹತ್ತಿರ ಡಿಶ್ ಇಲ್ಲ. ಎರಡು ಡೈಪೋಲ್ ಇಟ್ಟು 38 ಮೆಗಾಹರ್ಟ್ಜ್‌ನಲ್ಲಿ ಪುಟ್ಟ ಇಂಟರ್‌ಫೆರೋಮೀಟರ್ ಮಾಡಿದ್ದೇನೆ. 3ಸಿ 286 ನನಗೆ ಕಾಣುವುದೇ ಇಲ್ಲ. ಗುರುಗ್ರಹವನ್ನು ಕ್ಯಾಲಿಬ್ರೇಟರ್ ಮಾಡಬಹುದಾ? ಜೋರಾಗಿ ಕೇಳಿಸುತ್ತದಂತೆ.

ಹಳೇ ಡಿಶ್

ಬೇಡ. ಗುರುವಿನದು ಸಿಡಿತ. ಯಾವಾಗ ಬರುತ್ತದೆ, ಎಷ್ಟು ಬರುತ್ತದೆ ಹೇಳಲಾಗದು. 40 ಮೆಗಾಹರ್ಟ್ಜ್ ಹತ್ತಿರ ಅದು ನಿಂತೇ ಹೋಗುತ್ತದೆ, ನೀವು ಅಂಚಿನಲ್ಲೇ ಇದ್ದೀರಿ. ನಿಮಗೆ ಸಿಗ್ನಸ್ ಎ ಮತ್ತು ಕ್ಯಾಸಿಯೋಪಿಯಾ ಎ. ಎರಡೂ 150ರಲ್ಲೇ ಹತ್ತು ಸಾವಿರ ಜಾನ್ಸ್ಕಿ ಹತ್ತಿರ, 38ರಲ್ಲಿ ಇನ್ನೂ ಜಾಸ್ತಿ. ಡೈಪೋಲ್ ಅಲುಗಿಸಬೇಡಿ. ಅವು ತಲೆಯ ಮೇಲೆ ಹಾದುಹೋಗುವಾಗ ಫ್ರಿಂಜ್ (ಸಿಗ್ನಲ್‌ನ ಏರಿಳಿತ) ಬರೆದುಕೊಳ್ಳಿ.

ಫ್ಲಕ್ಸ್ ತಕ್ಕಡಿ

ಕ್ಯಾಸ್ ಎ ಸೂಪರ್‌ನೋವಾ ಅವಶೇಷ. ವರ್ಷ ವರ್ಷ ಮಂಕಾಗುತ್ತಿದೆ. ಹಳೆಯ ಪುಸ್ತಕದ ಅಂಕಿ ಹಾಗೇ ಹಾಕಬಾರದು. ಸಿಗ್ನಸ್ ಎ ಗ್ಯಾಲಕ್ಸಿ, ಅದು ಬದಲಾಗುವುದಿಲ್ಲ. ಅದನ್ನೇ ಆಧಾರವಾಗಿಟ್ಟುಕೊಳ್ಳಿ.

ಅಯಾನುಗೋಳ

ಒಂದೇ ಡೈಪೋಲ್‌ನ ಗೇನ್ ಬೇಕಿದ್ದರೆ ಇಡೀ ಆಕಾಶವೇ ಕ್ಯಾಲಿಬ್ರೇಟರ್. ನಮ್ಮ ಗ್ಯಾಲಕ್ಸಿ ದಿನಕ್ಕೊಮ್ಮೆ ಮೇಲೆ ಬಂದು ಇಳಿಯುತ್ತದೆ. ಆ ಏರಿಳಿತವನ್ನು ಆಕಾಶದ ನಕ್ಷೆಯಿಂದ ಬರುವ ಲೆಕ್ಕಕ್ಕೆ ಹೊಂದಿಸಿದರೆ ಗೇನ್ ಮತ್ತು ರಿಸೀವರ್ ತಾಪ ಎರಡೂ ಸಿಗುತ್ತವೆ. ಗೌರಿಬಿದನೂರಿನ ಟಿ ಆಕಾರದ ಅರೇಯಿಂದ 34.5 ಮೆಗಾಹರ್ಟ್ಜ್‌ನಲ್ಲಿ ಮಾಡಿದ ಸರ್ವೆ 1990ರಲ್ಲಿ ಪ್ರಕಟವಾಗಿದೆ. ನಿಮ್ಮ 38ಕ್ಕೆ ಅದು ಬಹಳ ಹತ್ತಿರ.

ಎರಡು ಡೈಪೋಲ್

ಇದು ಹೊಳೆದೇ ಇರಲಿಲ್ಲ. ಇವತ್ತಿನಿಂದಲೇ ದಿನಪೂರ್ತಿ ರೆಕಾರ್ಡ್ ಮಾಡುತ್ತೇನೆ.

ರಾತ್ರಿಪಾಳಿ

ಗ್ಯಾಲಕ್ಸಿ ಮಾತು ಬಂತು, ಒಂದು ವಿಷಯ ಸೇರಿಸುತ್ತೇನೆ. ಟಾರ್ಗೆಟ್ ಗ್ಯಾಲಕ್ಸಿಯ ಸಮತಲದಲ್ಲಿದ್ದು, ಫ್ಲಕ್ಸ್ ಕ್ಯಾಲಿಬ್ರೇಟರ್ ದೂರದಲ್ಲಿದ್ದರೆ ಸಿಸ್ಟಮ್ ತಾಪ ಬೇರೆ ಬೇರೆ. ರಿಸೀವರ್ ಮಟ್ಟವನ್ನು ತಾನೇ ಸರಿಮಾಡುವ ಸರ್ಕ್ಯೂಟ್ ಆನ್ ಇದ್ದರೆ ಟಾರ್ಗೆಟ್ ಫ್ಲಕ್ಸ್ ಕಡಿಮೆ ಬರುತ್ತದೆ. ಉದಾಹರಣೆಗೆ 408 ಮೆಗಾಹರ್ಟ್ಜ್ ನಕ್ಷೆಯಲ್ಲಿ 250 ಕೆಲ್ವಿನ್ ಇರುವ ಜಾಗ 325ರಲ್ಲಿ ಸುಮಾರು 450 ಕೆಲ್ವಿನ್. ಕ್ಯಾಲಿಬ್ರೇಟರ್ ಕಡೆ ಒಟ್ಟು 106 ಇದ್ದು, ಅದರಲ್ಲಿ ಆಕಾಶದ್ದು 40 ಅಂದುಕೊಳ್ಳಿ. ಟಾರ್ಗೆಟ್ ಕಡೆ 500 ದಾಟುತ್ತದೆ. ಸುಮಾರು ಐದು ಪಟ್ಟು ತಪ್ಪು! ಇದನ್ನು ಸರಿಪಡಿಸದೆ ಇದ್ದದ್ದಕ್ಕೆ ಒಬ್ಬ ಗೆಳೆಯ ಸೂಪರ್‌ನೋವಾ ಅವಶೇಷದ ಸ್ಪೆಕ್ಟ್ರಮ್ ಕೆಳಗೆ ಬಾಗುತ್ತಿದೆ ಅಂತ ಆರು ತಿಂಗಳು ನಂಬಿದ್ದ.

ಮೀಟರ್‌ಅಲೆ

ನನ್ನದು ಸಮತಲದಿಂದ 40 ಡಿಗ್ರಿ ಮೇಲಿದೆ, ಸದ್ಯ. ಮುಂದಿನ ವೀಕ್ಷಣೆಗೆ ಹುಡುಕುವ ಕ್ರಮ ಹೇಳಿ. ಈ ಸಲ ತಪ್ಪಬಾರದು.

ಚುಕ್ಕಿಲೆಕ್ಕ

ನಾನು ಮಾಡುವುದನ್ನು ಹೇಳುತ್ತೇನೆ. ಟಾರ್ಗೆಟ್ ಸುತ್ತ 15 ಡಿಗ್ರಿಯಲ್ಲಿ 10 ಜಾನ್ಸ್ಕಿ ಮೇಲಿನ ಮೂಲಗಳನ್ನು ಟಿಜಿಎಸ್‌ಎಸ್‌ನಿಂದ ತೆಗೆಯುತ್ತೇನೆ. ಆಕಾಶದ ದಕ್ಷಿಣಕ್ಕೆ ಗ್ಲೀಮ್ ಅನ್ನುವ ಸರ್ವೆ ಇನ್ನೂ ಒಳ್ಳೆಯದು. ಅದರಲ್ಲಿ 72ರಿಂದ 231 ಮೆಗಾಹರ್ಟ್ಜ್‌ವರೆಗೆ ಒಂದೊಂದು ಮೂಲಕ್ಕೂ 20 ಅಂಕಿ ಇದೆ. ಸ್ಪೆಕ್ಟ್ರಮ್ ಬಾಗಿದೆಯೋ ಇಲ್ಲವೋ ನೇರವಾಗಿ ಕಾಣುತ್ತದೆ. ಆಮೇಲೆ ಪೀಕ್ ಮತ್ತು ಒಟ್ಟು ಫ್ಲಕ್ಸ್ ಹೋಲಿಸುತ್ತೇನೆ. ಎರಡೂ ಹತ್ತಿರ ಇದ್ದರೆ ಮೂಲ ಚಿಕ್ಕದು. ನಂತರ ತಕ್ಕಡಿಯವರು ಹೇಳಿದ ವೃತ್ತದ ಕೂಡಿಕೆ. ಕ್ಯಾಲಿಬ್ರೇಟರ್ ಪಾಲು ಅರ್ಧಕ್ಕಿಂತ ಕಡಿಮೆ ಇದ್ದರೆ ಬಿಡುತ್ತೇನೆ. ಹತ್ತಿರದ 3 ಜಾನ್ಸ್ಕಿಗಿಂತ ದೂರದ 20 ಜಾನ್ಸ್ಕಿ ಮೇಲು.

ಹಳೇ ಡಿಶ್

ಅರ್ಧ ಸಾಲದು. ನನ್ನ ಪ್ರಕಾರ ಮುಕ್ಕಾಲು ಬೇಕು.

ಚುಕ್ಕಿಲೆಕ್ಕ

ಮುಕ್ಕಾಲು ಹಿಡಿದರೆ 150ರಲ್ಲಿ ಸಿಗುವುದು ಆ ಆರೇ ಮೂಲ, ಇನ್ನೊಂದಷ್ಟು 3ಸಿ. ಅರ್ಧ ಇದ್ದಾಗ ಸುತ್ತಲಿನವರನ್ನೂ ಮಾಡೆಲ್‌ಗೆ ಸೇರಿಸಿದರೆ ಆಯಿತು.

ಹಳೇ ಡಿಶ್

ಸೇರಿಸುವುದಾದರೆ ಸರಿ. ಬೀಮ್‌ನ ಇಳಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಂಚಿನ 6 ಜಾನ್ಸ್ಕಿ ಮೂಲ 6 ಆಗಿ ಕಾಣುವುದಿಲ್ಲ.

ಫ್ಲಕ್ಸ್ ತಕ್ಕಡಿ

ಟಿಜಿಎಸ್‌ಎಸ್ ಫ್ಲಕ್ಸ್ ಒಂದನ್ನೇ ನಂಬಬೇಡಿ. ಗ್ಲೀಮ್ ಜೊತೆ ಹೋಲಿಸಿದಾಗ ಕೆಲವು ಜಾಗಗಳಲ್ಲಿ ಅದರ ಸ್ಕೇಲ್ ಏರುಪೇರಾಗಿರುವುದು ಕಂಡಿದೆ. ಹುಡುಕುವುದಕ್ಕೆ ಬಳಸಿ, ತೂಗುವುದಕ್ಕೆ 3ಸಿ ಬಳಸಿ.

ಮೀಟರ್‌ಅಲೆ

ನಾಲ್ಕು ದಿನದ ನಂತರ ಬಂದಿದ್ದೇನೆ. ಫೇಸ್ ಕ್ಯಾಲಿಬ್ರೇಟರ್ ಪಕ್ಕಕ್ಕಿಟ್ಟೆ. ಸ್ಕೇಫ್-ಹೀಲ್ಡ್ ಹಾಕಿ 3ಸಿ 286 ಮತ್ತೆ ಮಾಡಿದೆ. ಟಾರ್ಗೆಟ್ ಬಯಲಿನ 40 ಮೂಲಗಳ ಮಾಡೆಲ್ ಕಟ್ಟಿದೆ, ಬೀಮ್ ಇಳಿಕೆ ಸೇರಿಸಿ. 16 ಸೆಕೆಂಡಿಗೊಂದು ಫೇಸ್ ಪರಿಹಾರ. ಮೊದಲ ಎರಡೂವರೆ ಗಂಟೆ ಹೇಳಿದಂತೆಯೇ ಹಾಳು, ಬಿಟ್ಟೆ. ಉಳಿದದ್ದರಲ್ಲಿ ಮೂಲಗಳು ಚುಕ್ಕಿಯಾಗಿ ಕೂತಿವೆ! ನಾಯ್ಸ್ ಮುಂಚಿನದರ ಮೂರನೇ ಒಂದು ಭಾಗ. ಎಲ್ಲರಿಗೂ ಮನಸಾರೆ ಧನ್ಯವಾದ.

ಒಂದು ಉಳಿದಿದೆ. ಬೀಮ್‌ನ ಪಶ್ಚಿಮದ ಅಂಚಿನ ಮೂಲದ ಸುತ್ತ ಇನ್ನೂ ಗೆರೆಗೆರೆ ಇದೆ. ಎಲ್ಲ ಮೂಲಗಳೂ ಕ್ಯಾಟಲಾಗ್‌ಗಿಂತ 5 ಆರ್ಕ್‌ಸೆಕೆಂಡ್ ಪಕ್ಕಕ್ಕೆ ಸರಿದಿವೆ.

ಅಯಾನುಗೋಳ

ಗೆರೆಗೆರೆ ಇರುವ ಮೂಲಕ್ಕೆ ಆ ದಿಕ್ಕಿನದೇ ಪರಿಹಾರ ಬೇಕು. ಆ ಒಂದನ್ನು ಪೀಲ್ ಮಾಡಿ (ಆ ದಿಕ್ಕಿಗೇ ತಿದ್ದಿ, ಡೇಟಾದಿಂದ ಕಳೆದು) ತೆಗೆಯಿರಿ. ಎಲ್ಲವೂ ಒಂದೇ ಕಡೆಗೆ ಸರಿದಿದ್ದರೆ ಮಾಡೆಲ್‌ನ ಸ್ಥಾನ ನೋಡಿ. ಯಾವ ಕ್ಯಾಟಲಾಗ್‌ನಿಂದ ತೆಗೆದಿರಿ?

ಮೀಟರ್‌ಅಲೆ

ವಿಎಲ್‌ಎಸ್‌ಎಸ್.

ಚುಕ್ಕಿಲೆಕ್ಕ

ಅದು 74 ಮೆಗಾಹರ್ಟ್ಜ್ ಸರ್ವೆ, 80 ಆರ್ಕ್‌ಸೆಕೆಂಡ್ ಸ್ಪಷ್ಟತೆ. ಸ್ಥಾನಕ್ಕೆ ಅದು ಒರಟು. 1.4 ಗಿಗಾಹರ್ಟ್ಜ್ ಸರ್ವೆ ಎನ್‌ವಿಎಸ್‌ಎಸ್‌ನಿಂದ ಸ್ಥಾನ ತೆಗೆದುಕೊಳ್ಳಿ, ಫ್ಲಕ್ಸ್ ಕೆಳಗಿನ ಆವರ್ತನದ್ದು ಇರಲಿ. ಎರಡನ್ನೂ ಹೊಂದಿಸಿ ಮತ್ತೊಂದು ಸುತ್ತು ಓಡಿಸಿ.

ಮೀಟರ್‌ಅಲೆ

ಈಗಲೇ ಹಾಕುತ್ತೇನೆ.